ಹಾರೆತುಂಡಿನ ಪಿನ್ನು

ಕಳೆದ ಆಷಾಢದ ಮಳೆಗೆ ನಮ್ಮ ಕೊಟ್ಟಿಗೆಯ ಹಿಂದಿನ ಗೋಡೆ ಕುಳಿತುಕೊಂಡಿತು. ಬಿತ್ತು ಎನ್ನುವ ಹಾಗಿಲ್ಲ. ವಯಸ್ಸಾದವರು ಜಗಲಿಯ ಮೇಲೆ ಕೂರುವಂತೆ, ಸೊಂಟ ಹಿಡಿದುಕೊಂಡು, ನಿಧಾನಕ್ಕೆ ಕುಳಿತಿತು. ದನಗಳು ಸರಿದು ಜಾಗ ಕೊಟ್ಟವು. ಮಳೆಗಾಲ ಮುಗಿದದ್ದೇ ಹೆಂಡತಿ, "ಲಾರಿಯವರಿಗೆ ಒಂದು ಫೋನು ಮಾಡಿ ಮುನ್ನೂರು ಚಿರೆಕಲ್ಲು ತರಿಸಿ" ಎಂದಳು.

"ತರುತ್ತೇನೆ" ಎಂದೆ ನಾನು.

ತರಿಸುವುದಕ್ಕೂ ತರುವುದಕ್ಕೂ ನಡುವೆ ಇರುವುದು 'ಇಸು' ಎಂಬ ಒಂದೇ ಒಂದು ಪ್ರತ್ಯಯ. ಕನ್ನಡ ಮಾಸ್ತರನಾಗಿದ್ದರೆ ಅಲ್ಲೇ ಹೊಳೆಯುತ್ತಿತ್ತೇನೋ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿದ್ದು ವಿಜ್ಞಾನ. ಲಾರಿಯ ಬಾಡಿಗೆ ಉಳಿಸುತ್ತೇನೆಂದು ಹೊರಟ ನನಗೆ ಆ ಪ್ರತ್ಯಯದ ಬೆಲೆ ಎಷ್ಟೆಂದು ಗೊತ್ತಾಗಲು ದೀಪಾವಳಿ ಕಳೆಯಬೇಕಾಯಿತು.

ಟ್ರ್ಯಾಕ್ಟರ್ ಮನೆಯಲ್ಲೇ ಇತ್ತು. ನಿವೃತ್ತಿಯ ದುಡ್ಡು ಕೈಗೆ ಬಂದ ವರ್ಷ ಘಟ್ಟದ ಮೇಲಿನಿಂದ ತಂದ ಹಳೆಯದು. ಬೇಕಾದದ್ದು ಅದರ ಹಿಂದೆ ಕಟ್ಟಲು ಒಂದು ಟ್ರೇಲರ್. ಕುಮಟೆಯ ಕಡೆ ಒಂದು ಕಡಿಮೆ ದರಕ್ಕೆ ಇದೆ ಎಂದು ಭಾವ ಸುದ್ದಿ ತಂದ. ಹೋದೆವು. ಟೈರಿಗೆ ಒಂದು ಒದೆ ಕೊಟ್ಟು ನೋಡಿದೆ, ತಗಡಿಗೆ ಎರಡು ಬಾರಿ ಕುಟ್ಟಿ ಕಿವಿಗೊಟ್ಟೆ, ಮಾರುವವರ ಮನೆಯಲ್ಲಿ ಅವಲಕ್ಕಿ ತಿಂದು ಮುಂಗಡ ಕೊಟ್ಟು ಬಂದೆ. ಹುಡುಗಿ ನೋಡಲು ಹೋದರೆ ಗಣಕೂಟ, ನಾಡಿಕೂಟ ಎಂದು ವಾರಗಟ್ಟಲೆ ಜಾತಕ ತಿರುವಿಹಾಕುವ ವಂಶ ನಮ್ಮದು. ಟ್ರ್ಯಾಕ್ಟರಿನ ಹುಕ್ಕಿಗೂ ಟ್ರೇಲರಿನ ರಿಂಗಿಗೂ ಕೂಟ ಬರುತ್ತದೆಯೇ ಎಂದು ಒಬ್ಬರಿಗೂ ಅನಿಸಲಿಲ್ಲ. ಅನಿಸಿದ್ದು ಹೆಂಡತಿಗೆ. "ಅದರ ಮೂತಿ ಇದರ ಬಾಲಕ್ಕೆ ಕೂಡ್ತದಾ ನೋಡಿದ್ರಾ?" ಎಂದು ಕೇಳಿದಳು. ಕಬ್ಬಿಣಕ್ಕೆ ಕಬ್ಬಿಣ ಕೂಡದೆ ಏನು ಎಂದೆ.

ಜೊತೆಗೆ ಬಂದ ಕಾಗದಪತ್ರ ನೋಡಿ ಭಾವ ಇನ್ನೊಂದು ಜ್ಞಾನ ಕೊಟ್ಟ. ಟ್ರೇಲರಿಗೆ ಟ್ರ್ಯಾಕ್ಟರಿನ ನಂಬರು ಬರೆದರೆ ಸಾಲದಂತೆ, ಅದರದೇ ನೋಂದಣಿ, ಅದರದೇ ನಂಬರು ಬೇಕಂತೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ 'ಮೋಟಾರು ವಾಹನ' ಎಂಬುದರ ಅರ್ಥದೊಳಗೆ ಟ್ರೇಲರನ್ನೂ ಸೇರಿಸಿದ್ದಾರೆ. ಎಂಜಿನ್ನಿಲ್ಲ, ಸ್ಟಿಯರಿಂಗಿಲ್ಲ, ನಮ್ಮದಕ್ಕೆ ಬ್ರೇಕೂ ಇಲ್ಲ. ಆದರೂ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ. ನಿವೃತ್ತ ಮಾಸ್ತರನನ್ನು ಊರವರು ಇನ್ನೂ ಮಾಸ್ತರ್ರೇ ಎಂದು ಕರೆಯುವ ಹಾಗೆ.

ಮನೆಗೆ ತರುವ ದಿನವೇ ಕೂಟದ ಪ್ರಶ್ನೆ ಎದ್ದಿತು. ಟ್ರೇಲರಿನ ರಿಂಗು ದೊಡ್ಡದು, ಟ್ರ್ಯಾಕ್ಟರಿನ ಪಿನ್ನು ಸಣ್ಣದು. ಪಿನ್ನು ರಿಂಗಿನೊಳಗೆ ದೇವಸ್ಥಾನದ ಗಂಟೆಯ ನಾಲಿಗೆಯಂತೆ ಆಡುತ್ತಿತ್ತು. ಮಾರಿದವರ ಕೊಟ್ಟಿಗೆಯ ಮೂಲೆಯಲ್ಲಿ ಮುರಿದ ಹಾರೆಯ ತುಂಡೊಂದು ಬಿದ್ದಿತ್ತು. ಅದನ್ನೇ ತೂರಿಸಿದೆ. ಮೇಲೆ ತಲೆಯಿಲ್ಲ, ಕೆಳಗೆ ಲಾಕ್ ಹಾಕಲು ತೂತಿಲ್ಲ. ಆದರೆ ನೋಡಲು ಗಟ್ಟಿ. ಮೂರು ಕಡೆ ತೆಂಗಿನ ಹಗ್ಗ ಸುತ್ತಿ, ಇಡಗುಂಜಿ ಗಣಪತಿಗೆ ಒಂದು ಕಾಯಿ ಹೇಳಿಕೊಂಡು ಹೊರಟೆ.

ಹೊನ್ನಾವರ ದಾಟಿ ಶರಾವತಿಯ ಬದಿಯ ಹೆದ್ದಾರಿ ಹಿಡಿದೆ. ಹಿಂದೆ 206 ಎನ್ನುತ್ತಿದ್ದದ್ದು, ಈಗ 69. ಗೇರು ಬದಲಿಸಿದಾಗಲೆಲ್ಲ ಹಿಂದಿನಿಂದ 'ಢಂ' ಎಂದು ಒಂದು ಗುದ್ದು. ನಿಧಾನ ಮಾಡಿದರೆ ಇನ್ನೊಂದು. ಸಡಿಲವಿದ್ದ ಕಡೆ ಭಾರ ಮೊದಲು ಹಿಂದೆ ಉಳಿಯುತ್ತದೆ, ಆಮೇಲೆ ಓಡಿಬಂದು ಗುದ್ದುತ್ತದೆ. ಜಡತ್ವದ ನಿಯಮ. ಒಂಬತ್ತನೆಯ ತರಗತಿಗೆ ನಾನೇ ಕಲಿಸಿದ್ದು. ಬೆನ್ನಿಗೆ ಬೀಳುವಾಗ ಅದು ನ್ಯೂಟನ್ನಿನದು ಅನಿಸುವುದಿಲ್ಲ.

ಸುಮಾರು ಮೂವತ್ತು ಕಿಲೋಮೀಟರು ಹೀಗೆ ಗುದ್ದಿಸಿಕೊಂಡು ಬಂದು ನಮ್ಮ ಮನೆಯ ಇಳುಕಲಿಗೆ ತಿರುಗಿದೆ. ಅಲ್ಲಿ ಎರಡು ಢಂ ಆದಮೇಲೆ ಮೂರನೆಯದು ಕೇಳಿಸಲಿಲ್ಲ. ಭಾರ ಕಡಿಮೆಯಾದಂತೆ ಟ್ರ್ಯಾಕ್ಟರ್ ಹಗುರಾಗಿ ಹೋಯಿತು. "ಆಹಾ, ಹೊಂದಿಕೊಂಡಿತು" ಎಂದುಕೊಂಡೆ. ಅಷ್ಟರಲ್ಲಿ ನನ್ನ ಟ್ರೇಲರ್ ನನ್ನ ಎಡಗಡೆಯಿಂದ ನನ್ನನ್ನೇ ದಾಟಿ ತೋಟದ ಕಡೆ ಹೋಯಿತು. ಎರಡು ಅಡಿಕೆ ಸಸಿ, ಒಂದು ಬಾಳೆ ಬುಡ ತೆಗೆದುಕೊಂಡು ಮೂತಿ ಕೆಳಗೆ ಮಾಡಿ ಕಾಲುವೆಯಲ್ಲಿ ನಿಂತಿತು. ಖಾಲಿಯಿತ್ತು, ದಾರಿಯಲ್ಲಿ ಜನವಿರಲಿಲ್ಲ, ಪುಣ್ಯ. ಹೆಂಡತಿ ಅಂಗಳದಿಂದ ನೋಡುತ್ತಿದ್ದಳು. "ಬಂದ್ರಾ? ಬೇರೆ ಬೇರೆಯಾಗಿ ಬಂದ್ರಾ?" ಎಂದಳು.

ಮರುದಿನ ಬಂದವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ನಾನು ಎರಡು ಸಲ ಫೇಲು ಮಾಡಿದವ. ಈಗ ವೆಲ್ಡಿಂಗು, ಟ್ರ್ಯಾಕ್ಟರ್ ರಿಪೇರಿ ಎಲ್ಲಕ್ಕೂ ಊರು ಅವನನ್ನೇ ಕರೆಯುತ್ತದೆ. ಹಾರೆತುಂಡನ್ನು ಕೈಯಲ್ಲಿ ಹಿಡಿದು ಅವನು ಬಹಳ ಹೊತ್ತು ಮಾತಾಡಲಿಲ್ಲ. ನನ್ನ ಉತ್ತರಪತ್ರಿಕೆ ಅವನ ಕೈಯಲ್ಲಿದ್ದ ಹಾಗಿತ್ತು.

"ಮಾಸ್ತರ್ರೆ, ಇದೆಂತದ್ರಾ? ಎತ್ತಿನ ಗಾಡಿಗೂ ಕಡಾಣಿ ಇಲ್ದೆ ಯಾರಾದ್ರೂ ಹೋಗ್ತಿದ್ರಾ?"

ಕಡಾಣಿ ಎಂದರೆ ಗಾಡಿಯ ಅಚ್ಚಿನ ತುದಿಗೆ ಹಾಕುವ ಪುಟ್ಟ ಮೊಳೆ. ಚಕ್ರ ಕಳಚಿಕೊಂಡು ತನ್ನ ದಾರಿ ಹಿಡಿಯದಂತೆ ತಡೆಯುವುದು ಅದೊಂದೇ. ನನ್ನ ಅಜ್ಜ ಗಾಡಿ ಹೂಡುವ ಮೊದಲು ಅದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದದ್ದು ನನಗೆ ನೆನಪಿದೆ. ನೆನಪು ಹಾರೆ ತೂರಿಸುವಾಗ ಬರಲಿಲ್ಲ, ಅಷ್ಟೆ.

ಅವನು ಕಲಿಸಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಪಿನ್ನು ರಿಂಗಿನ ತೂತಿಗೆ ತಕ್ಕದ್ದೇ ಆಗಬೇಕು. ಒಳಗೆ ಕುಣಿದಾಡುವಷ್ಟು ಜಾಗವಿದ್ದರೆ ಒಂದೋ ಪಿನ್ನು ಸವೆಯುತ್ತದೆ, ಇಲ್ಲ ರಿಂಗು. ಪಿನ್ನಿಗೆ ಮೇಲೆ ತಲೆ ಬೇಕು, ಕೆಳಗೆ ತೂತು ಬೇಕು, ಆ ತೂತಿಗೆ ಲಾಕ್ ಪಿನ್ ಬೇಕು. ತಂತಿಯೂ ಅಲ್ಲ, ಹಗ್ಗವೂ ಅಲ್ಲ. ಇಷ್ಟಾದ ಮೇಲೂ ಎರಡು ಸರಪಳಿ. ಅವು ಟ್ರೇಲರಿನ ಮೂಕಿಯ, ಅಂದರೆ ಮುಂದೆ ಚಾಚಿದ ಕೋಲಿನ, ಅಡಿಯಲ್ಲಿ ಒಂದನ್ನೊಂದು ಅಡ್ಡ ಹಾಯ್ದಿರಬೇಕು. ಪಿನ್ನು ಕೈಕೊಟ್ಟರೂ ಮೂಕಿ ರಸ್ತೆಗೆ ಕುತ್ತಿಕೊಳ್ಳದೆ ಆ ಸರಪಳಿಯ ತೊಟ್ಟಿಲಿನಲ್ಲಿ ಬೀಳುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ, ನೆಲಕ್ಕೆ ತಾಗದಷ್ಟು ಬಿಗಿ. ಈ ಅಳತೆ ಹೆಂಡತಿಗೆ ತಕ್ಷಣ ಅರ್ಥವಾಯಿತು. ಗಬ್ಬದ ಎಮ್ಮೆಯನ್ನು ಕಟ್ಟುವುದೂ ಅಷ್ಟೇ ಅಂತೆ.

ನಾನೂ ಸುಮ್ಮನಿರಬಾರದಲ್ಲ. ಬಗ್ಗಿ ಬಗ್ಗಿ ಪಿನ್ನು ಹಾಕುವ ಬದಲು ಟ್ರ್ಯಾಕ್ಟರಿನ ಹಿಂದೆ ಮೇಲ್ಗಡೆ ಇರುವ ಕಿವಿಗೇ ಟ್ರೇಲರು ಕಟ್ಟಿದರೆ ಸೊಂಟಕ್ಕೆ ಒಳ್ಳೆಯದಲ್ಲವೇ ಎಂದು ಸಲಹೆ ಕೊಟ್ಟೆ. ಅವನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಹೋದ. ಹಿಂದಿನ ಅಚ್ಚಿಗಿಂತ ಮೇಲೆ ಭಾರ ಕಟ್ಟಿ ಏರು ಹತ್ತಿದರೆ ಟ್ರ್ಯಾಕ್ಟರ್ ಮುಂದೆ ಹೋಗುವ ಬದಲು ಮುಂದಿನ ಗಾಲಿ ಎತ್ತುತ್ತದೆ, ಆಮೇಲೆ ಹಿಂದಕ್ಕೆ ಮಗುಚುತ್ತದೆ. ಹಾರಿ ಇಳಿಯಲು ಪುರಸೊತ್ತು ಸಿಗುವುದಿಲ್ಲ. "ಬಲದ ಭ್ರಮಣಾಂಕ ಅಂತ ನೀವೇ ಹೇಳಿಕೊಟ್ಟಿದ್ದಲ್ರಾ, ಮಾಸ್ತರ್ರೆ. ನಂಗೆ ಅದ್ರಲ್ಲೇ ಮಾರ್ಕು ಹೋಗಿದ್ದು" ಎಂದ.

ಈಗ ವಯರಿಂಗಿನ ವಿಷಯ. ಇದನ್ನು ಬರೆಯದೆ ಬಿಡಬಹುದಿತ್ತು. ಹೆಂಡತಿ ಬರೆಯಲೇಬೇಕು ಎಂದಿದ್ದಾಳೆ.

ಟ್ರ್ಯಾಕ್ಟರಿನ ಹಿಂದೆ ಏಳು ತೂತಿನ ಒಂದು ದುಂಡು ಸಾಕೆಟ್ ಇರುತ್ತದೆ. ಟ್ರೇಲರಿನ ದೀಪಗಳಿಗೆ ಅಲ್ಲಿಂದಲೇ ಜೀವ. ಅದರ ವಯರಿಗೆ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಬಣ್ಣ ಗೊತ್ತು ಮಾಡಿದ್ದಾರೆ. ಹಳದಿ ಎಡ ಇಂಡಿಕೇಟರು, ಹಸಿರು ಬಲ, ಕೆಂಪು ಬ್ರೇಕು, ಬಿಳಿ ಅರ್ತು. ನನ್ನ ತಲೆಯಲ್ಲಿ ಇದ್ದದ್ದು ಮನೆಯ ವಯರಿಂಗು. ಅಲ್ಲಿ ಹಸಿರು ಎಂದರೆ ಅರ್ತು. ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೂ ಅದನ್ನೇ. ಹಾಗಾಗಿ ಹಸಿರು ವಯರನ್ನು ಟ್ರೇಲರಿನ ಚಾಸಿಸ್ಸಿಗೆ ಬೋಲ್ಟು ಹಾಕಿ ಭದ್ರ ಮಾಡಿದೆ. ಬಿಳಿಯನ್ನು ಬಲಗಡೆಯ ಇಂಡಿಕೇಟರಿಗೆ ಕೊಟ್ಟೆ.

ಸಂಜೆ ಮನೆಯವರನ್ನೆಲ್ಲ ಅಂಗಳಕ್ಕೆ ಕರೆದು ಉದ್ಘಾಟನೆ ಮಾಡಿದೆ. ಬ್ರೇಕು ಒತ್ತಿದೆ. ಬ್ರೇಕಿನ ದೀಪ ಮಿಣುಕು ಹುಳದಷ್ಟು ಹತ್ತಿತು, ಜೊತೆಗೆ ಟ್ರ್ಯಾಕ್ಟರಿನ ಬಲ ಇಂಡಿಕೇಟರೂ ಮಂಕಾಗಿ ಹತ್ತಿತು. ಅರ್ತಿಗೆ ಸರಿಯಾದ ದಾರಿ ಸಿಗದ ಕರೆಂಟು ಸಿಕ್ಕಿದ ಬಲ್ಬಿನೊಳಗೆಲ್ಲ ನುಗ್ಗಿ ಮನೆಗೆ ಹೋಗುತ್ತದೆ, ಬಸ್ಸು ತಪ್ಪಿದವರು ಯಾರ್ಯಾರದೋ ತೋಟ ಹಾಯ್ದು ಹೋದ ಹಾಗೆ. ಬಲ ಇಂಡಿಕೇಟರು ಹಾಕಿದೆ. ಪಟ್ ಎಂದು ಫ್ಯೂಸು ಹೋಯಿತು. ಹೊಸ ಫ್ಯೂಸು ಹಾಕಿ ಮತ್ತೆ ಹಾಕಿದೆ. ಮತ್ತೆ ಪಟ್. ನಾಲ್ಕನೆಯ ಫ್ಯೂಸಿನ ಹೊತ್ತಿಗೆ ಪ್ರೇಕ್ಷಕರು ಒಳಗೆ ಹೋಗಿದ್ದರು. ಮಗ ಮಾತ್ರ ನಿಂತಿದ್ದ. "ಅಪ್ಪಾ, ನಮ್ಮೂರಿನ ಬಸದಿಗೆ ನಾಲ್ಕು ಮುಖ. ನಿಮ್ಮ ಟ್ರೇಲರಿಗೂ ನಾಲ್ಕೇ. ಯಾವ ಕಡೆ ತಿರುಗ್ತದೆ ಅಂತ ಹೇಳೂದೇ ಇಲ್ಲ" ಎಂದ.

ಅವನು ಚತುರ್ಮುಖ ಬಸದಿಯನ್ನು ಎಳೆದು ತಂದದ್ದು ಸಾಲದೆಂಬಂತೆ ಅಣೆಕಟ್ಟೂ ಕಣ್ಣೆದುರಿಗೇ ಇತ್ತು. ನಮ್ಮ ಗೇರುಸೊಪ್ಪೆಯಲ್ಲಿ 60 ಮೆಗಾವ್ಯಾಟಿನ ನಾಲ್ಕು ಯಂತ್ರ, ಒಟ್ಟು 240. ಯೋಜನೆಯ ಹೆಸರೇ ಶರಾವತಿ ಟೈಲ್‌ರೇಸ್. ಮೇಲೆ ಒಮ್ಮೆ ಕರೆಂಟು ಕೊಟ್ಟು ಇಳಿದು ಬಂದ ನೀರಿನ ಬಾಲವನ್ನು ಹಿಡಿದು ಮತ್ತೊಮ್ಮೆ ಕರೆಂಟು ತೆಗೆಯುವ ಬುದ್ಧಿವಂತಿಕೆ. ನದಿಯ ಬಾಲದಿಂದ ಅಷ್ಟು ಬೆಳಕು ಹುಟ್ಟುವ ಊರಿನಲ್ಲಿ, ಟ್ರ್ಯಾಕ್ಟರಿನ ಬಾಲಕ್ಕೆ ಹನ್ನೆರಡು ವೋಲ್ಟಿನ ಒಂದು ಬಲ್ಬು ಹತ್ತಿಸಲು ನನ್ನಿಂದ ಆಗಲಿಲ್ಲ.

ಆದರೂ ಹಠ. ಬಲಕ್ಕೆ ತಿರುಗುವಾಗ ಕೈ ತೋರಿಸಿದರಾಯಿತು ಎಂದುಕೊಂಡು ಮರುದಿನ ಪೇಟೆಗೆ ಹೊರಟೆ. ಬರುವಾಗ ಮುಸ್ಸಂಜೆ. ಮುಂದೆ ದನ ಅಡ್ಡ ಬಂತು, ಬ್ರೇಕು ಒತ್ತಿದೆ. ಹಿಂದಿದ್ದ ಬಸ್ಸಿನವನಿಗೆ ಕಂಡದ್ದು ಮಂಕಾದ ಬಲ ಇಂಡಿಕೇಟರು. ನಾನು ಬಲಕ್ಕೆ ತಿರುಗುತ್ತೇನೆಂದು ಅವನು ಎಡದಿಂದ ನುಗ್ಗಿದ, ನಾನೂ ಎಡಕ್ಕೇ ಸರಿದೆ. ಇಬ್ಬರೂ ನಿಂತೆವು, ನಡುವೆ ಒಂದು ಗೇಣು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು.

ರಿಪೇರಿಯವನು ಹದಿನೈದು ನಿಮಿಷದಲ್ಲಿ ಹಸಿರು, ಬಿಳಿ ಅದಲು ಬದಲು ಮಾಡಿದ. ಚಾಸಿಸ್ಸಿನ ಬಣ್ಣ ಕೆರೆದು, ತುಕ್ಕು ತೆಗೆದು, ಹೊಳೆಯುವ ಕಬ್ಬಿಣಕ್ಕೇ ಬಿಳಿ ವಯರು ಕಟ್ಟಿದ. ಪಿನ್ನೂ ರಿಂಗೂ ಮುಟ್ಟುವುದರಿಂದ ಅರ್ತು ತನ್ನಷ್ಟಕ್ಕೆ ಸಿಗುತ್ತದೆ ಎಂದು ಬಿಡುವವರಿದ್ದಾರಂತೆ. ಅಲ್ಲಿ ಗ್ರೀಸಿದೆ, ತುಕ್ಕಿದೆ, ಗುದ್ದಿದೆ. ಗುದ್ದಿದಾಗೊಮ್ಮೆ ದೀಪ ಹತ್ತುತ್ತದೆ, ಆರುತ್ತದೆ. ವಯರು ನೆಲಕ್ಕೆ ಜೋತಾಡದಂತೆ, ತಿರುವಿನಲ್ಲಿ ಕಿತ್ತು ಬರದಂತೆ ಒಂದು ಸುತ್ತು ಹೆಚ್ಚು ಬಿಟ್ಟು ಕಟ್ಟಿದ. ಹಿಂದಿನ ತಗಡಿಗೆ ಕೆಂಪು ಹೊಳೆಯುವ ಪಟ್ಟಿಯನ್ನೂ ಅಂಟಿಸಿದ. ವಯರು ಕೈಕೊಟ್ಟರೂ ಹಿಂದಿನವರ ಹೆಡ್‌ಲೈಟಿಗೆ ಅದಾದರೂ ಕಾಣಲಿ ಎಂದು.

ಕೊನೆಗೆ ಕಲ್ಲಿನ ದಿನ ಬಂತು. ಒಂದು ಚಿರೆಕಲ್ಲು ಮೂವತ್ತು ಕಿಲೋ ಎಂದರೂ ನೂರು ಕಲ್ಲಿಗೆ ಮೂರು ಟನ್ನು. ಮುನ್ನೂರನ್ನೂ ಒಂದೇ ಸಲ ಹೇರಿಕೊಂಡು ಬರುತ್ತೇನೆಂದಿದ್ದವನು ಲೆಕ್ಕ ಮಾಡಿ ನೋಡಿ ಮೂರು ಸಲಕ್ಕೆ ಇಳಿದೆ. ಹೇರುವಾಗಲೂ ನನ್ನದೇ ಬುದ್ಧಿ. ಇಳಿಸಲು ಸುಲಭ ಎಂದು ಕಲ್ಲನ್ನೆಲ್ಲ ಹಿಂದೆ ಒಟ್ಟಿಸಿದೆ. ಮೂಕಿ ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ನೆಲದಿಂದ ಬಿಡಿಸುವ ಅಂದಾಜಿನಲ್ಲಿತ್ತು. ಎಲ್ಲವನ್ನೂ ಮುಂದೆ ತಂದರೆ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ಗಾಳಿ ತಿರುಗಿಸಿದಂತೆ ತಿರುಗುತ್ತಿತ್ತು. ಗಾಲಿಯ ಮೇಲೆ ಹೆಚ್ಚು, ಮುಂದಕ್ಕೆ ಸ್ವಲ್ಪ. ಇದು ಸರಿಯಾದ ಪಾಕ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುವ ಹೆಂಗಸರಿಗೆ ಇದು ಹುಟ್ಟಿನಿಂದ ಗೊತ್ತು.

ಹೊರಡುವ ಮೊದಲು ರಿಪೇರಿಯವನು ನನ್ನ ಕಾಲ ಬುಡ ನೋಡಿದ. "ಎರಡೂ ಬ್ರೇಕು ಸೇರಿಸಿದ್ರಾ?" ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲು ಎರಡು, ಎಡಗಡೆಯ ಗಾಲಿಗೆ ಒಂದು, ಬಲಗಡೆಯ ಗಾಲಿಗೆ ಒಂದು. ಗದ್ದೆಯಲ್ಲಿ ಬೇಗ ತಿರುಗಲೆಂದು ಬೇರೆ ಬೇರೆ. ರಸ್ತೆಗೆ ಇಳಿದರೆ ಕೊಂಡಿ ಹಾಕಿ ಎರಡನ್ನೂ ಒಂದು ಮಾಡಬೇಕು. ಹಾಕದೆ ಒಂದನ್ನೇ ಒತ್ತಿದರೆ, ಹಿಂದೆ ಮೂರು ಟನ್ನು ತಳ್ಳುತ್ತಿರುವಾಗ, ಟ್ರ್ಯಾಕ್ಟರ್ ಒಂದೇ ಬದಿಗೆ ತಿರುಗಿ ನಿಲ್ಲುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡು ವರ್ಷದಿಂದ ಎರಡನೆಯದನ್ನು ನಾನು ಸ್ಪೇರ್ ಎಂದುಕೊಂಡಿದ್ದೆ. ಈ ಮಾತನ್ನು ಅವನಿಗೆ ಹೇಳಲಿಲ್ಲ.

ಇಳುಕಲಿನಲ್ಲಿ ಹತ್ತುವ ಗೇರಿನಲ್ಲೇ ಇಳಿಯಬೇಕು, ಕ್ಲಚ್ಚು ಒತ್ತಬಾರದು, ನ್ಯೂಟ್ರಲ್ ಮಾಡಲೇಬಾರದು. ಡೀಸೆಲ್ ಉಳಿಸಲು ಗೇರು ತಪ್ಪಿಸಿದರೆ ಮೂರು ಟನ್ನೂ ಬಂದು ಬೆನ್ನಿಗೆ ಕೂರುತ್ತದೆ. ಮಾವಿನಗುಂಡಿಗೆ ಹತ್ತುವ ಘಟ್ಟದ ಕಡೆ ಭಾರ ಕಟ್ಟಿಕೊಂಡು ನಾನು ಇನ್ನೂ ತಲೆ ಹಾಕಿಲ್ಲ, ಹಾಕುವುದೂ ಇಲ್ಲ. ಮೆಣಸಿನ ರಾಣಿ ಚೆನ್ನಭೈರಾದೇವಿ ಇದೇ ಊರಿನಿಂದ ಸಮುದ್ರದಾಚೆಗೆ ಮೆಣಸು ಮಾರಿದಳು. ಅವಳ ಕಾಲಕ್ಕೆ ಹೊನ್ನಾವರದ ತನಕ ದೋಣಿಗೆ ಹೊಳೆಯಿತ್ತು. ಹುಕ್ಕೂ ಇಲ್ಲ, ಏಳು ತೂತೂ ಇಲ್ಲ.

ಮೂರು ಲೋಡೂ ಬಂದವು. ಗೋಡೆ ಎದ್ದಿತು. ಹೆಂಡತಿ ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಬರೆದಳು: ಟ್ರೇಲರು, ಪಿನ್ನು, ಸರಪಳಿ, ವೆಲ್ಡಿಂಗು, ಫ್ಯೂಸು ಹನ್ನೊಂದು, ಅಡಿಕೆ ಸಸಿ ಎರಡು, ಬಾಳೆ ಒಂದು, ಇಡಗುಂಜಿಗೆ ಕಾಯಿ. ಒಟ್ಟನ್ನು ಮುನ್ನೂರರಿಂದ ಭಾಗಿಸಿ ಒಂದು ಕಲ್ಲಿನ ದರ ತೆಗೆದು ಅದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದಾಳೆ. ಆ ಅಂಕಿ ನಮ್ಮಿಬ್ಬರ ನಡುವೆಯೇ ಇರಲಿ.

ಲಾಕ್ ಪಿನ್ ಈಗ ಅಡುಗೆಮನೆಯ ಮೊಳೆಯಲ್ಲಿದೆ. ಅವಳು ಬಂದು ಪಿನ್ನು ಮುಟ್ಟಿ, ಸರಪಳಿ ಎಳೆದು, ಹಿಂದೆ ನಿಂತು ಎಡ, ಬಲ, ಬ್ರೇಕು ನೋಡಿ "ಹ್ಞೂಂ" ಎಂದ ಮೇಲೆ ಗಾಡಿ ಹೊರಡಬೇಕು. ಮೊನ್ನೆ ಅಂಗಳಕ್ಕೆ ಒಂದು ಲೋಡು ಜಲ್ಲಿ ಬೇಕಾಯಿತು. "ತರಲಾ, ತರಿಸಲಾ?" ಎಂದು ಕೇಳಿದೆ.

"ತರೂದಾದ್ರೆ ಪಿನ್ನು ಮೊಳೆಯಲ್ಲಿದೆ, ತರಿಸೂದಾದ್ರೆ ಫೋನು ಮೇಜಿನ ಮೇಲಿದೆ" ಎಂದಳು.

ತರಿಸಿದೆ.