ನೂರಕ್ಕೆ ಎರಡು

ಹನುಮಂತನಗರದಲ್ಲಿ ನನ್ನ ತಂದೆಯವರು ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನವೊಂದರಲ್ಲಿ ಒಂದು ಪಾರಿಜಾತದ ಗಿಡಕ್ಕೂ ಒಂದು ಒಗೆಯುವ ಕಲ್ಲಿಗೂ ಸ್ಥಳವನ್ನು ಬಿಟ್ಟು, ಮಿಕ್ಕುದೆಲ್ಲವನ್ನೂ ಗೋಡೆಗಳಿಂದ ತುಂಬಿಸಿ ಕಟ್ಟಿಸಿದ್ದ ಮನೆಯನ್ನು ಮಾರಿಬಿಡುವುದೆಂದು ನಾವು ದಂಪತಿಗಳು ನಿಶ್ಚಯಿಸಿ, ಗೇಟಿಗೆ ತೂಗುಹಾಕಲು ಫಲಕವೊಂದನ್ನು ಸಿದ್ಧಪಡಿಸುವ ಸಂದರ್ಭದಲ್ಲಿ, ಅದರ ಮೇಲೆ ‘ಮನೆ ಮಾರಾಟಕ್ಕಿದೆ’ ಎಂದು ಬರೆದರೆ ಸಾಕೋ, ಕೆಳಗೆ ‘ದಲ್ಲಾಳಿಗಳು ಕ್ಷಮಿಸಬೇಕು’ ಎಂದೂ ಸೇರಿಸಬೇಕೋ ಎಂಬ ಪ್ರಶ್ನೆ ಉದ್ಭವಿಸಿತು. ನಾನು ಸೇರಿಸಬೇಕೆಂದೆನು, ನನ್ನ ಪತ್ನಿ ಬೇಡವೆಂದಳು. ಸೇರಿಸಿದೆವು. ಬಣ್ಣವು ಒಣಗುವುದಕ್ಕೆ ಮುಂಚೆಯೇ ನಮ್ಮ ಬೀದಿಯ ದಲ್ಲಾಳಿ ಮಹಾಶಯರು ಆಗಮಿಸಿ, ಫಲಕವನ್ನು ಆದ್ಯಂತವಾಗಿ ಓದಿ, “ಕ್ಷಮಿಸಿದೆ ಸ್ವಾಮಿ. ರೇಟು ಏನು ಹೇಳ್ತಿದ್ದೀರಿ?” ಎಂದು ಕೇಳಿದರು.

ಈ ಮಹಾಶಯರನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆನು. ಟೀ ಅಂಗಡಿಯ ಮುಂದಿನ ಸಿಮೆಂಟಿನ ಬೆಂಚೇ ಅವರ ಕಾರ್ಯಾಲಯ. ಜಿಪ್ಪು ಕೆಟ್ಟು ರಬ್ಬರ್ ಬ್ಯಾಂಡಿನ ಆಶ್ರಯದಲ್ಲಿ ಜೀವಿಸುತ್ತಿದ್ದ ಒಂದು ರೆಕ್ಸಿನ್ ಚೀಲ. ಅದರೊಳಗೆ ಅರ್ಧ ಬಡಾವಣೆಯ ಖಾತೆಪತ್ರಗಳ ಜೆರಾಕ್ಸು. ಅವರ ಭಾಷೆಯಲ್ಲಿ ಮನುಷ್ಯರೆಂಬ ಜಾತಿಯೇ ಇಲ್ಲ, ‘ಪಾರ್ಟಿ’ಗಳು ಮಾತ್ರವೇ ಇವೆ, ಪಾರ್ಟಿಯೆಲ್ಲವೂ ‘ಜೆನ್ಯೂನ್’, ಮಾತೆಲ್ಲವೂ ‘ಕೂತು ಮಾತಾಡೋಣ’ ಎಂಬಲ್ಲಿಗೆ ಪರ್ಯವಸಾನ ಹೊಂದತಕ್ಕದ್ದು. ಮನೆ ಬಾಡಿಗೆಗೆ ಹೋದರೆ ಒಂದು ತಿಂಗಳ ಬಾಡಿಗೆ, ಮಾರಾಟವಾದರೆ ಎರಡೂ ಕಡೆಯಿಂದ ಎರಡೆರಡು ಪರ್ಸೆಂಟು. ಈ ಎರಡನ್ನು ಯಾವ ಶಾಸನವು ವಿಧಿಸಿದೆಯೆಂದು ನಾನು ಪ್ರಶ್ನಿಸಲಾಗಿ, “ವಾಡಿಕೆ ಸ್ವಾಮಿ” ಎಂದರು. ಅದು ನಿಜವೇ. ನಿವೇಶನ, ಅಪಾರ್ಟ್‌ಮೆಂಟುಗಳ ನೋಂದಾಯಿತ ಯೋಜನೆಗಳಲ್ಲಿ ವ್ಯವಹರಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕೆಂದು 2016ರ ರೇರಾ ಕಾಯಿದೆ ಹೇಳುವುದಾದರೂ, ಕಮಿಷನ್ನು ಇಷ್ಟೇ ಎಂದು ಅದು ಹೇಳುವುದಿಲ್ಲ; ಹಳೆಯ ಮನೆಗಳನ್ನು ಕೈಯಿಂದ ಕೈಗೆ ದಾಟಿಸುವ ನಮ್ಮವರ ಸಿಮೆಂಟಿನ ಬೆಂಚಿನವರೆಗೆ ಅದರ ದೃಷ್ಟಿ ಹರಿದೇ ಇಲ್ಲ.

ನಾವು ಇಟ್ಟುಕೊಂಡಿದ್ದ ಬೆಲೆ ಎರಡು ಕೋಟಿ. ನೂರಕ್ಕೆ ಎರಡೆಂದರೆ ಕೇಳುವುದಕ್ಕೆ ಅಲ್ಪವಾಗಿಯೇ ಇದ್ದುದು, ಕಾಗದದ ಮೇಲೆ ಗುಣಿಸಿ ನೋಡಿದಾಗ ನಾಲ್ಕು ಲಕ್ಷವಾಗಿ ಎದ್ದು ನಿಂತಿತು. ಇತಿಹಾಸದ ಉಪನ್ಯಾಸಕನಾಗಿ ನಾನು ಮೊದಲ ಹತ್ತು ವರ್ಷ ಪಡೆದ ಸಂಬಳವನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಆ ರಾತ್ರಿ ನಿದ್ರೆ ಬಾರದೆ ಹೊರಳುತ್ತಿದ್ದಾಗ, 1757ರಲ್ಲಿ ಪ್ಲಾಸಿಯ ಕದನಕ್ಕೆ ಮುನ್ನ ಕ್ಲೈವನಿಗೂ ಮೀರ್ ಜಾಫರನಿಗೂ ನಡುವೆ ಓಡಾಡಿ, ನವಾಬನ ಖಜಾನೆಯಲ್ಲಿ ನೂರಕ್ಕೆ ಐದು ತನಗೆ ಬರಬೇಕೆಂದು ಹಟ ಹಿಡಿದ ಉಮಿಚಂದನ ನೆನಪಾಯಿತು. ಕ್ಲೈವನು ಬಿಳಿಯ ಕಾಗದದ ಮೇಲೆ ನಿಜವಾದ ಒಪ್ಪಂದವನ್ನೂ, ಕೆಂಪು ಕಾಗದದ ಮೇಲೆ ಉಮಿಚಂದನ ಪಾಲನ್ನು ನಮೂದಿಸಿದ ಸುಳ್ಳು ಒಪ್ಪಂದವನ್ನೂ ಬರೆಯಿಸಿ, ಗೆದ್ದ ಮೇಲೆ ಅವನಿಗೆ ಬಿಡಿಗಾಸನ್ನೂ ಕೊಡಲಿಲ್ಲ. ಮೂವತ್ತೈದು ವರ್ಷ ತರಗತಿಯಲ್ಲಿ ಇದನ್ನು ವಂಚನೆಯೆಂದು ಬೋಧಿಸಿದ ನಾನು, ಆ ರಾತ್ರಿ ಮಾತ್ರ ಕ್ಲೈವನ ವಿಷಯದಲ್ಲಿ ಒಂದು ಬಗೆಯ ಗೌರವವನ್ನು ತಾಳಿದೆನೆಂದು ಒಪ್ಪಿಕೊಳ್ಳಬೇಕು.

ಇಂಥ ಮನಃಸ್ಥಿತಿಯಲ್ಲಿದ್ದವನಿಗೆ ಮಗಳ ದೂರವಾಣಿ ಬಂದಿತು. ಅವಳಿರುವುದು ಡಲ್ಲಾಸಿನಲ್ಲಿ. (ಊರಿನ ಹೆಸರಿಗೂ ದಲ್ಲಾಳಿ ಎಂಬ ಶಬ್ದಕ್ಕೂ ಸಂಬಂಧವಿಲ್ಲ, ದಲ್ಲಾಳಿಯು ಅರಬ್ಬಿಯಿಂದ ಬಂದವನು, ದಾರಿ ತೋರಿಸುವವನೆಂದು ಮೂಲಾರ್ಥ.) ಅಮೆರಿಕದಲ್ಲಿ ಮನೆ ಮಾರುವವನು ಬೆಲೆಯಲ್ಲಿ ನೂರಕ್ಕೆ ಐದೋ ಆರೋ ತೆತ್ತು, ತನ್ನ ಏಜೆಂಟನನ್ನಲ್ಲದೆ ಕೊಳ್ಳುವವನ ಏಜೆಂಟನನ್ನೂ ಪೋಷಿಸುವುದು ಬಹುಕಾಲದ ಪದ್ಧತಿಯಾಗಿತ್ತಂತೆ. ದಲ್ಲಾಳಿಗಳ ಸಂಘವು ದರವನ್ನು ಗೊತ್ತುಪಡಿಸುವುದು ಕಾನೂನುಬಾಹಿರವೆಂದು ಅಲ್ಲಿಯ ಸುಪ್ರೀಂ ಕೋರ್ಟು 1950ರಷ್ಟು ಹಿಂದೆಯೇ ತೀರ್ಪು ಕೊಟ್ಟಿದ್ದರೂ, ದರವು ಕದಲದೆ ಕುಳಿತಿತ್ತು, ಅದೂ ವಾಡಿಕೆಯೇ. ಕಡೆಗೆ 2023ರ ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಯ ನ್ಯಾಯಾಲಯವೊಂದರ ಜ್ಯೂರಿಯು ಸುಮಾರು 178 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿ, ಮರುವರ್ಷ ಸಂಘವು 41.8 ಕೋಟಿ ಡಾಲರಿಗೆ ರಾಜಿಯಾಗಿ, 2024ರ ಆಗಸ್ಟಿನಿಂದ ನಿಯಮಗಳು ಬದಲಾದವು. “ಈಗ ಯಾರಪ್ಪಾ ಆರು ಪರ್ಸೆಂಟ್ ಕೊಡ್ತಾರೆ? ನಾವು ಒಂದು ಪರ್ಸೆಂಟಿನ ಏಜೆಂಟ್ ಹಿಡಿದು ಮಾರಿದ್ವಿ. ನೀನೂ ಫ್ಲ್ಯಾಟ್ ಫೀ ಕಂಪನಿ ನೋಡು” ಎಂದಳು. ಆ ಒಂದು ಪರ್ಸೆಂಟಿನವನು ಫೋಟೋ ತೆಗೆದುಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲವೆಂಬುದನ್ನೂ, ಆರು ಭಾನುವಾರ ಬಂದವರಿಗೆಲ್ಲ ಮನೆಯನ್ನು ತೋರಿಸಿದವನು ಅಳಿಯನೇ ಎಂಬುದನ್ನೂ ಅವಳು ಆಗ ಹೇಳಲಿಲ್ಲ. ಅಳಿಯನು ಆಮೇಲೆ ಹೇಳಿದನು.

ಬೆಂಗಳೂರಿನಲ್ಲಿ ಅಂಥ ಕಂಪನಿಗಳಿಗೆ ಅಭಾವವೇ? ದಲ್ಲಾಳಿಯಿಲ್ಲ, ಕಮಿಷನ್ನಿಲ್ಲ, ಶುಲ್ಕ ಕೇವಲ 9,999 ರೂಪಾಯಿ ಎಂದಿತು ಒಂದು. ಶೇಕಡ 18ರ ಜಿ.ಎಸ್.ಟಿ. ಸೇರಿ 11,798 ರೂಪಾಯಿ 82 ಪೈಸೆ. ಪೈಸೆಯ ತನಕ ಲೆಕ್ಕವಿಡುವವರು ಪ್ರಾಮಾಣಿಕರಾಗಿರಲೇಬೇಕೆಂದು ಪಾವತಿ ಮಾಡಿದೆನು. ಒಬ್ಬ ತರುಣನು ಬಂದು, ಅಗಲಗಣ್ಣಿನ ಕ್ಯಾಮೆರಾದಿಂದ ನಮ್ಮ ಅಡಿಗೆಮನೆಯನ್ನು ಕಲ್ಯಾಣಮಂಟಪವೆಂಬಂತೆ ಚಿತ್ರಿಸಿಕೊಂಡು ಹೋದನು. ನಮಗೆಂದೇ ನೇಮಕವಾದ ‘ರಿಲೇಷನ್‌ಷಿಪ್ ಮ್ಯಾನೇಜರ್’ ಒಂದು ತಿಂಗಳಲ್ಲಿ ಮೂರು ಸಲ ಬದಲಾದನು; ಮೂವರ ಧ್ವನಿಯೂ ಒಂದೇ, ಸಂಬಂಧವು ಮಾತ್ರ ಪ್ರತಿ ಸಲವೂ ಮೊದಲಿನಿಂದ ಆರಂಭವಾಗುತ್ತಿತ್ತು.

ಅನಂತರ ಕರೆಗಳು ಬಂದವು. ಮೊದಲಿನ ಹನ್ನೊಂದು ಕರೆಗಳಲ್ಲಿ ಏಳು ದಲ್ಲಾಳಿಗಳವು, ಮೂರು ಸಾಲ ಕೊಡುವವರವು, ಇನ್ನೊಂದು ಒಗೆಯುವ ಕಲ್ಲನ್ನು ಮಾತ್ರ ಬಿಡಿಯಾಗಿ ಕೊಡುವಿರಾ ಎಂದು ಕೇಳಿದವರದು. ಖುದ್ದಾಗಿ ಬಂದವರಿಗೆ ಮನೆಯನ್ನು ತೋರಿಸುವ ಭಾರವು ನನ್ನ ಪಾಲಿಗೆ ಬಂದಿತು. ನಾನು ಬಾಗಿಲಿನಿಂದಲೇ ಸತ್ಯವನ್ನು ಆರಂಭಿಸುತ್ತಿದ್ದೆನು: ಇಲ್ಲಿ ಆಷಾಢದಲ್ಲಿ ಸ್ವಲ್ಪ ಸೋರುತ್ತದೆ, ಈ ಕಿಟಕಿಯ ಚಿಲಕವು ಕೂರುವುದಿಲ್ಲ, ಪಕ್ಕದ ಮನೆಯವರು ಮುಂಜಾನೆ ನಾಲ್ಕಕ್ಕೆ ಮಿಕ್ಸಿ ಹಾಕುತ್ತಾರೆ. ನನ್ನ ಪತ್ನಿಯು ಹಿಂದಿನಿಂದ ನನ್ನ ಅಂಗಿಯನ್ನು ಜಗ್ಗುತ್ತಿದ್ದಳು. ಒಬ್ಬರು ಮೊಬೈಲಿನ ದಿಕ್ಸೂಚಿಯನ್ನು ಅಡಿಗೆಮನೆಯ ನಡುವೆ ಹಿಡಿದು, ಒಲೆಯು ಆಗ್ನೇಯಕ್ಕಿಲ್ಲವೆಂದು ತಲೆಯಾಡಿಸಿದಾಗ, ಐವತ್ತು ವರ್ಷ ಅದೇ ಒಲೆಯಲ್ಲಿ ಬೆಂದ ಅನ್ನವನ್ನು ಉಂಡ ನಾನು ಅಪರಾಧಿಯಂತೆ ನಿಂತೆನು.

ಕೊನೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ನಮಸ್ಕರಿಸಿ, “ಆ ಕೆಂಪು ಕಾಗದದ ಪಾಠ ಇನ್ನೂ ನೆನಪಿದೆ ಸಾರ್” ಎಂದನು. ಮನೆಯು ಅವನಿಗೆ ಹಿಡಿಸಿತು. ಪಾರಿಜಾತವಂತೂ ಅವನ ಹೆಂಡತಿಯ ಮನಸ್ಸನ್ನು ಅಪಹರಿಸಿತು. ಇನ್ನು ಬೆಲೆಯ ಮಾತು. ಕಾಫಿ ಬಂದಿತು. “ನೀವೇ ಹೇಳಿ ಸಾರ್” ಎಂದನು. “ನೀನೇ ಹೇಳಪ್ಪ” ಎಂದೆನು. “ನಿಮ್ಮ ಮುಂದೆ ನಾನು ಹೇಗೆ ಸಾರ್” ಎಂದನು. ಕಾಫಿ ಆರಿತು. ಇಬ್ಬರೂ ಮಳೆಯ ವಿಷಯವನ್ನು ಮಾತನಾಡಿದೆವು, ಮೆಟ್ರೋ ವಿಷಯವನ್ನು ಮಾತನಾಡಿದೆವು. ಎರಡು ಕೋಟಿ ಎಂಬ ಶಬ್ದವು ನನ್ನ ಗಂಟಲಲ್ಲಿಯೂ, ಅದಕ್ಕಿಂತ ಕಡಮೆಯಾದ ಯಾವುದೋ ಒಂದು ಶಬ್ದವು ಅವನ ಗಂಟಲಲ್ಲಿಯೂ ಸಿಕ್ಕಿಕೊಂಡು, ಮುಕ್ಕಾಲು ಗಂಟೆ ಕಳೆಯಿತು.

ಆಗ ನನಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ನೆನಪಾಯಿತು. ಬಾಲ್ಯದಲ್ಲಿ ತಾತನವರೊಡನೆ ಹೋಗಿದ್ದೆನು. ನಮ್ಮದೊಂದು ಜೊತೆ ಹಳ್ಳಿಕಾರ್ ಎತ್ತು ಮಾರಾಟಕ್ಕಿತ್ತು. ದಲ್ಲಾಳಿಯು ತನ್ನ ಹೆಗಲ ಟವಲನ್ನು ತಾತನವರ ಕೈಯ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿಯುತ್ತಿದ್ದನು. ಬೆರಳಿಗೊಂದು ನೂರು, ನಡುಗೆಣ್ಣಿನ ತನಕ ಹಿಡಿದರೆ ಅದರರ್ಧ, ಇಡೀ ಕೈ ಹಿಡಿದರೆ ಐದು. ಮೇಲೆ ತಾತನವರ ಮುಖವು ಆ ವರ್ಷದ ರಾಗಿಯ ಬೆಳೆಯನ್ನು ಕುರಿತು ಶಾಂತವಾಗಿ ಮಾತನಾಡುತ್ತಿತ್ತು; ಕೆಳಗೆ ಟವಲು ಮಾತ್ರ ಬೆಕ್ಕಿನಮರಿಯನ್ನು ಮುಚ್ಚಿಟ್ಟಂತೆ ಮಿಸುಕುತ್ತಿತ್ತು. ಅನಂತರ ಅದೇ ಟವಲು ನಾಲ್ಕು ಮಾರು ದೂರದಲ್ಲಿ ನಿಂತಿದ್ದ ಕೊಳ್ಳುವವರ ಕೈಯ ಮೇಲಕ್ಕೆ ಹೋಗುತ್ತಿತ್ತು. ತಾತನವರೂ ಕೊಂಡವರೂ ಒಬ್ಬರಿಗೊಬ್ಬರು ಒಂದು ಅಂಕಿಯನ್ನೂ ನುಡಿಯಲಿಲ್ಲ. ಆ ಸಂಜೆ ಒಂದೇ ಬಂಡಿಯಲ್ಲಿ ಸ್ನೇಹಿತರಾಗಿ ಊರಿನ ಕಡೆಗೆ ಬಂದರು. ಗಂಟಲಲ್ಲಿ ಸಿಕ್ಕಿಕೊಂಡ ನನ್ನ ಎರಡು ಕೋಟಿಗೆ ಬೇಕಾಗಿದ್ದುದು ಆ ಟವಲು. 11,798 ರೂಪಾಯಿಯ ಪಟ್ಟಿಯಲ್ಲಿ ಅದೊಂದನ್ನು ಸೇರಿಸಿರಲಿಲ್ಲ.

“ನಿನಗೆ ಪರಿಚಯದವರು ಯಾರಾದರೂ…” ಎಂದು ನಾನು ತೊದಲಿದೆನು. “ಇದ್ದಾರೆ ಸಾರ್, ಟೀ ಅಂಗಡಿ ಹತ್ತಿರ” ಎಂದನು ಅವನು, ಮುಳುಗುತ್ತಿದ್ದವನಿಗೆ ದಡವು ಕಂಡಂತೆ.

ದಲ್ಲಾಳಿ ಮಹಾಶಯರು ಬಂದರು. ಫಲಕದ ಕಡೆಗೆ ನೋಡದಿರುವ ದಾಕ್ಷಿಣ್ಯ ಅವರಲ್ಲಿತ್ತು. ನನ್ನನ್ನು ಒಗೆಯುವ ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ, “ಪಾರ್ಟಿ ಎದ್ದು ಹೊರಟಿದ್ದ ಸ್ವಾಮಿ, ನಾನೇ ತೋಳು ಹಿಡಿದು ಕೂರಿಸಿದೆ” ಎಂದರು. ಪಾರ್ಟಿಯು ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದುದು ಕಿಟಕಿಯಿಂದ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತ ಹೋಗಿ, ಮೇಷ್ಟ್ರಿಗೆ ಬೇರೆ ಕಡೆಯಿಂದ ಟೋಕನ್ ಅಡ್ವಾನ್ಸೇ ಬಂದುಬಿಟ್ಟಿದೆಯೆಂದು ಹೇಳಿರಬೇಕು. ಹುಡುಗನ ಮುಖವು ಬಾಡಿತು. ಇಪ್ಪತ್ತು ಅಡಿಯ ಆ ಅಂತರವನ್ನು ಅವರು ಆರು ಸಲ ದಾಟಿದರು. ನಾನು ದುರಾಶೆಯವನೆಂಬುದನ್ನು ನನ್ನ ಪರವಾಗಿ ಅವರೇ ಹೇಳಿದರು. ಅವನು ಜಿಪುಣನೆಂಬುದನ್ನು ಅವನ ಪರವಾಗಿ ಅವರೇ ಹೇಳಿದರು. ನಾವಿಬ್ಬರೂ ಗುರುಶಿಷ್ಯರಾಗಿಯೇ ಉಳಿದೆವು. ಅರ್ಧ ಗಂಟೆಯಲ್ಲಿ ಒಂದು ಕೋಟಿ ತೊಂಬತ್ತೆರಡು ಲಕ್ಷಕ್ಕೆ ಬೆಲೆಯು ನಿಂತಿತು.

ನಡುವೆ ಋಣಭಾರ ಪತ್ರದಲ್ಲಿ, ತಂದೆಯವರು 1996ರಲ್ಲಿ ಮಹಡಿಗೆಂದು ಗೃಹನಿರ್ಮಾಣ ಸಹಕಾರ ಸಂಘವೊಂದರಿಂದ ಪಡೆದು ತೀರಿಸಿದ್ದ ಸಾಲದ ಅಡಮಾನವು ಜೀವಂತವಾಗಿಯೇ ಹೊರಬಿದ್ದಿತು. ಕಂಪನಿಯ ಮ್ಯಾನೇಜರು (ನಾಲ್ಕನೆಯವನು) “ಡಾಕ್ಯುಮೆಂಟ್ಸ್ ಬೇರೆ ಪ್ಯಾಕೇಜ್ ಸಾರ್” ಎಂದನು. ನಮ್ಮವರು ನನ್ನ ಟ್ರಂಕಿನಿಂದ ರಸೀದಿಗಳನ್ನು ಹೆಕ್ಕಿಕೊಂಡು, ಎಲ್ಲಿಗೋ ಸ್ಥಳಾಂತರಗೊಂಡಿದ್ದ ಆ ಸಂಘವನ್ನು ಪತ್ತೆಮಾಡಿ, ಮೂರು ವಾರದಲ್ಲಿ ಬಿಡುಗಡೆ ಪತ್ರವನ್ನು ನೋಂದಾಯಿಸಿ ತಂದರು.

ಕ್ರಯಪತ್ರದ ಹಿಂದಿನ ಸಂಜೆ ಅವರ ಕಮಿಷನ್ನಿನ ಪ್ರಸ್ತಾಪ ಬಂದಿತು. ಶುಲ್ಕವನ್ನು ಒಮ್ಮೆ ಕಂಪನಿಗೆ ಕಟ್ಟಿದವನು ನಾನು, ಕಡಮೆ ಮಾಡಿರೆಂದು ಕೇಳಲು ನನಗೆ ನ್ಯಾಯವಾದ ಕಾರಣವಿತ್ತು. ಆದರೆ ಅದನ್ನು ಅವರ ಮುಖಕ್ಕೆ ಹೇಳುವುದಕ್ಕೆ ನಡುವೆ ಮತ್ತೊಬ್ಬ ದಲ್ಲಾಳಿಯಿರಲಿಲ್ಲ. ನಾನು ಮಳೆಯ ವಿಷಯವನ್ನು ಎತ್ತಿದೆನು. ಅವರು ಸ್ವಲ್ಪ ಹೊತ್ತು ಕೇಳಿದರು. ಬಳಿಕ ರೆಕ್ಸಿನ್ ಚೀಲದಿಂದ ಒಂದು ಕರವಸ್ತ್ರವನ್ನು ತೆಗೆದು, ತಮ್ಮ ಬಲಗೈಯ ಮೇಲೆ ಹರಡಿ, “ಹಿಡೀರಿ ಸ್ವಾಮಿ” ಎಂದು ಮುಂದಕ್ಕೆ ಚಾಚಿದರು. ನಾನು ವಸ್ತ್ರದ ಮರೆಯಲ್ಲಿ ಕೈಯಾಡಿಸಿ, ಒಂದು ಬೆರಳನ್ನು ಪೂರ್ತಿಯಾಗಿ, ಎರಡನೆಯದನ್ನು ನಡುಗೆಣ್ಣಿನ ತನಕ ಮಾತ್ರ ಹಿಡಿದೆನು. ಈ ಸಲ ಹಿಂಗಾರು ಚೆನ್ನಾಗಿ ಆಗಬಹುದೆಂದು ಅವರು ಪಾರಿಜಾತದ ಕಡೆಗೆ ನೋಡುತ್ತ ಹೇಳಿದರು. ಹೇಳುತ್ತಲೇ, ಆ ಎರಡನೆಯ ಬೆರಳಿನ ಉಳಿದರ್ಧವನ್ನು ನನ್ನ ಮುಷ್ಟಿಯೊಳಕ್ಕೆ ಮೆಲ್ಲನೆ ಬುಡದವರೆಗೂ ತೂರಿಸಿದರು.