ರಾಯರ ಮೂವತ್ತೈದು ಪ್ಲಸ್ ಐದು

ಹೆಬ್ಬಾಳದ ನಮ್ಮ ಅಡ್ಡರಸ್ತೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಬರುವವರು ರಾಯರು, ಆಮೇಲೆ ಮೆಕ್ಯಾನಿಕ್ಕು. ರಾಯರು ಕೈಯಾಡಿಸಿದ ಯಂತ್ರಕ್ಕೆ ಮೆಕ್ಯಾನಿಕ್ಕು ಸ್ವಲ್ಪ ಜಾಸ್ತಿ ಕೇಳುತ್ತಾನೆ, ಆ ಮಾತು ಬೇರೆ. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಮೊಣಕಾಲಿನವರೆಗೆ ಚಡ್ಡಿ, ಅಂಗಿ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರು. ನಿಮ್ಮ ಬೀದಿಯಲ್ಲೂ ಒಬ್ಬರು ಇರುತ್ತಾರೆ. ಇಲ್ಲವೆಂದರೆ ನೀವೇ ಅವರು.

ಎಲ್ಲ ರೋಗಕ್ಕೂ ಅವರ ಬಾಯಲ್ಲಿ ಒಂದೇ ಹೆಸರು: "ಕೆಪಾಸಿಟರ್ ಹೋಗಿದೆ." ಫ್ಯಾನು ಮಂದವಾದರೂ ಕೆಪಾಸಿಟರ್, ಸಂಪಿನ ಮೋಟಾರು ಗುಂಯ್‌ಗುಟ್ಟಿ ನಿಂತರೂ ಕೆಪಾಸಿಟರ್. ಎದುರುಮನೆ ಹುಡುಗ ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದಾಗ "ಶುರುವಾದ್ರೆ ಓಡ್ತಾನೆ ಕಣಯ್ಯ, ಸ್ಟಾರ್ಟಿಂಗ್ ವೀಕು" ಎಂದಿದ್ದರು. ನಮ್ಮ ಕಷ್ಟವೇನೆಂದರೆ ಅರ್ಧಕ್ಕರ್ಧ ಸಲ ಅವರ ಮಾತೇ ನಿಜವಾಗುತ್ತದೆ. ಪೂರ್ತಿ ಸುಳ್ಳಾಗಿದ್ದರೆ ಯಾವತ್ತೋ ಪಾರಾಗುತ್ತಿದ್ದೆವು.

ಇಂಥ ರಾಯರು ಪಿಎಫ್ ದುಡ್ಡಲ್ಲಿ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಎರಡು ಮಂಚ, ಒಂದು ಸಿಂಕು ಕೂರಿಸಿ, ನೆತ್ತಿಯ ಮೇಲೆ ಎಸಿ ಹೊರಿಸಿ ಅದಕ್ಕೆ ಕ್ಯಾರವಾನ್ ಎಂದು ನಾಮಕರಣ ಮಾಡಿದರು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸುತ್ತುವ ಯೋಜನೆ. ಇಲ್ಲಿಯವರೆಗೆ ಕಂಡಿರುವುದು ನಂದಿಬೆಟ್ಟ ಒಂದು ಸಲ, ಯಲಹಂಕದ ಗ್ಯಾರೇಜು ನಾಲ್ಕು ಸಲ.

2025ರ ಫೆಬ್ರವರಿ ಮೊದಲ ವಾರ. ಹಂಪಿಗೆ ಹೊರಡಲು ಇನ್ನು ಮೂರು ದಿನವಿದೆ ಎನ್ನುವಾಗ ಎಸಿಯಿಂದ ಗಾಳಿ ಬರುತ್ತಿದೆ, ತಂಪು ಬರುತ್ತಿಲ್ಲ. ನೆತ್ತಿಯಿಂದ ಎರಡು ಮೂರು ಸೆಕೆಂಡು "ಗುಂಯ್ಯ್", ಆಮೇಲೆ "ಟಕ್". ರಾಯರ ಮುಖ ಅರಳಿತು. ಮೊಮ್ಮಗುವಿಗೆ ಹಲ್ಲು ಬಂದಾಗಲೂ ಅಷ್ಟು ಅರಳಿರಲಿಲ್ಲ.

"ಬಿಚ್ಚೋದೇ ಬೇಡ. ಮೂವತ್ತೈದು ಮೈಕ್ರೋಫ್ಯಾರಡ್" ಎಂದು ಸೀದಾ ಎಸ್‌ಪಿ ರಸ್ತೆಗೆ ಹೋದರು. "ಹಳೇದು ತಂದಿದೀರಾ ಸಾರ್?" ಎಂದು ಅಂಗಡಿಯವನು ಕೇಳಿದನಂತೆ. ರಾಯರಿಗೆ ಅದು ಅವಮಾನ. ಕೊಂಡು ತಂದು ಮುಚ್ಚಳ ತೆಗೆದರೆ ಒಳಗಿದ್ದ ಡಬ್ಬಿಗೆ ಎರಡಲ್ಲ, ಮೂರು ಕೊಂಬು! ಮೂವತ್ತೈದು ಪ್ಲಸ್ ಐದು. ಮೂವತ್ತೈದು ಕಂಪ್ರೆಸರಿಗೆ, ಐದು ಫ್ಯಾನಿಗೆ, ನಡುವೆ ಇಬ್ಬರಿಗೂ ಸೇರಿದ ಒಂದು ಕಾಮನ್. ಐದು ನೆಟ್ಟಗಿದ್ದದ್ದರಿಂದಲೇ ಗಾಳಿ ಬರುತ್ತಿತ್ತು. ಮರುದಿನ ಹಳೇದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ಎಸ್‌ಪಿ ರಸ್ತೆ. ಮೆಕ್ಯಾನಿಕ್ಕಿಗೆ ಕೊಡಬೇಕಾಗಿದ್ದ ದುಡ್ಡು ಉಳಿಯಿತಲ್ಲ ಎಂದರು. ಫ್ಲೈಓವರ್ ಮೇಲೆ ಕಳೆದ ಎರಡು ಅರ್ಧ ದಿನದ ಲೆಕ್ಕ ಯಾರೂ ಕೇಳಲಿಲ್ಲ.

ಬಿಚ್ಚುವಾಗ ಮಾತ್ರ ನಾನು ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಪ್ಲಗ್ ಕಿತ್ತು ತಮ್ಮ ಜೇಬಿನ ಪಕ್ಕದಲ್ಲೇ ಇಟ್ಟುಕೊಂಡರು. "ಕರೆಂಟ್ ತೆಗೆದ್ರೂ ಇದರ ಹೊಟ್ಟೇಲಿ ಕೂತಿರುತ್ತೆ ಕಣಯ್ಯ" ಎನ್ನುತ್ತ, ಇಪ್ಪತ್ತು ಸಾವಿರ ಓಮಿನ ರೆಸಿಸ್ಟರಿನ ಎರಡು ತುದಿಯನ್ನು ಕೊಂಬುಗಳಿಗೆ ಮುಟ್ಟಿಸಿ ಹತ್ತೆಣಿಸಿದರು. ಕಾಮನ್ನಿಗೂ ಕಂಪ್ರೆಸರಿಗೂ ಒಮ್ಮೆ, ಕಾಮನ್ನಿಗೂ ಫ್ಯಾನಿಗೂ ಇನ್ನೊಮ್ಮೆ. ಡಬ್ಬಿಯ ಚಪ್ಪಟೆ ತಲೆ ಕಾದ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿತ್ತು. ಮೀಟರ್ ಹಿಡಿದರೆ ಮೂವತ್ತೈದಿರಬೇಕಾದಲ್ಲಿ ಹನ್ನೊಂದು. ಯಾವ ವೈರು ಎಲ್ಲಿಗೆ ಎಂಬ ನಕ್ಷೆಯನ್ನು ಕೈಗೆ ಸಿಕ್ಕ ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡು, ಅದನ್ನು ಎಸಿಯ ಒಳಗೇ ಮಡಚಿಟ್ಟರು. ಆ ಮದುವೆಗೆ ಅವರು ಹೋದದ್ದು ಬೀಗರ ಊಟದ ದಿನ.

"ಈ ಡಬ್ಬಿಗೆ ಯಾಕೆ ಇಷ್ಟು ದೊಡ್ಡಸ್ತಿಕೆ ರಾಯರೇ?" ಎಂದು ಏಣಿ ಹಿಡಿದವನು ಕೇಳಬಾರದಾಗಿತ್ತು. "ತೇರು ನೋಡಿದೀಯಾ? ಜನ ಹಗ್ಗ ಜಗ್ತಾನೇ ಇರ್ತಾರೆ, ತೇರು ಮಿಸುಕಲ್ಲ. ಗಾಲಿಗೆ ಒಬ್ಬ ಸನ್ನೆ ಹಾಕ್ತಾನೆ ನೋಡು, ಆಗ ಹೊರಡುತ್ತೆ. ಸಿಂಗಲ್ ಫೇಸ್ ಮೋಟಾರಿಗೆ ಯಾವ ಕಡೆ ತಿರುಗಬೇಕು ಅನ್ನೋದೇ ತಿಳಿಯಲ್ಲ. ಅದರೊಳಗಿನ ಇನ್ನೊಂದು ವೈಂಡಿಂಗಿಗೆ ಹೋಗೋ ಕರೆಂಟನ್ನ ಸ್ವಲ್ಪ ಮುಂದೆ ಓಡಿಸಿ ಹೀಗೆ ತಿರುಗಪ್ಪ ಅಂತ ಹೇಳೋನು ಇವನು." ಬಿಸಿಲಿಗೆ ಕಾದ ತಗಡಿನ ಮೇಲೆ ಕೂತು ಇದನ್ನು ಇಪ್ಪತ್ತು ನಿಮಿಷ ಹೇಳಿದರು. ಬಿಸಿಯಲ್ಲಿ ಬೆಂದೇ ಕೆಪಾಸಿಟರುಗಳು ಬೇಗ ಸಾಯುತ್ತವೆ ಎಂದೂ ಹೇಳಿದರು. ನಾನು ಅವರ ಬೋಳುತಲೆಯನ್ನು ನೋಡಿದೆ.

ಹೊಸ ಡಬ್ಬಿ ಕೂತಿತು. ಎಸಿಗೆ ಹದಿನಾರು ಆಂಪಿಯರಿನ ಸಾಕೆಟ್ ಬೇಕು. ಮನೆಯಲ್ಲಿ ಗೀಸರಿನದೊಂದೇ ಬಿಡುವಾಗಿರುವುದು. ಹಾಗಾಗಿ ಬಚ್ಚಲುಮನೆ ಕಿಟಕಿಯಿಂದ ದಪ್ಪ ವೈರು ಹೊರಟು ಬೀದಿ ದಾಟಿ ವ್ಯಾನು ಸೇರಿತ್ತು. ಬೆಳಗಿನಿಂದ ಯಾರದೂ ಸ್ನಾನವಾಗಿರಲಿಲ್ಲ.

"ರೀ, ನೀರು ಕಾಯಿಸ್ಕೋಬಹುದಾ?" ಒಳಗಿನಿಂದ ಆಂಟಿಯ ಧ್ವನಿ.

"ಐದು ನಿಮಿಷ ಕಣೇ!"

"ಎಂಟು ಗಂಟೆಗೂ ಐದೇ ನಿಮಿಷ ಇತ್ತು."

ಅಷ್ಟರಲ್ಲಿ ನಾನೊಂದು ವಿಚಿತ್ರ ಗಮನಿಸಿದೆ. ದಾರಿಹೋಕರೊಬ್ಬರು ನಿಂತು, ವ್ಯಾನಿನ ಮೇಲೆ ನಿಂತ ರಾಯರನ್ನು ನೋಡಿ, ಹಣೆಗೆ ಕೈಯಡ್ಡ ಹಿಡಿದು ಆಕಾಶ ನೋಡತೊಡಗಿದರು. ಅವರನ್ನು ನೋಡಿ ಊಟ ತಲುಪಿಸುವ ಹುಡುಗರಿಬ್ಬರು ಬೈಕು ನಿಲ್ಲಿಸಿದರು. ಎಳನೀರಿನವನು ಮಚ್ಚು ಕೆಳಗಿಟ್ಟ. ಯಲಹಂಕದಲ್ಲಿ ಏರೋ ಇಂಡಿಯಾ 10ನೇ ತಾರೀಖು ಶುರು, ತಾಲೀಮು ನಡೆಯುತ್ತಿದೆ. ಆ ವಾರ ಹೆಬ್ಬಾಳದಲ್ಲಿ ಎತ್ತರದಲ್ಲಿ ನಿಂತವನೆಂದರೆ ವಿಮಾನ ನೋಡುವವನು ಎಂದೇ ಅರ್ಥ.

"ಸಾರ್, ಸೂರ್ಯಕಿರಣ ಬಂತಾ?"

"ಈಗ ಸ್ಟಾರ್ಟ್ ಆಗುತ್ತೆ, ಇರಿ!" ಎಂದರು ರಾಯರು ತಲೆಯೆತ್ತದೆ.

ಇಪ್ಪತ್ತು ಜನ ಸೇರಿದರು. ಆಂಟಿ ವ್ಯಾನಿನೊಳಗೆ ಹೋಗಿ ಸ್ವಿಚ್ ಒತ್ತಿದರು. ಅದೇ ಗಳಿಗೆಗೆ ಉತ್ತರದಿಂದ ಕೆಂಪು ಬಿಳಿ ವಿಮಾನಗಳು ಒಂದಕ್ಕೊಂದು ಅಂಟಿದ ಹಾಗೆ ಗುಡುಗುತ್ತ ಹಾದುಹೋದವು. ಬೀದಿಯೆಲ್ಲ ಹೋ ಎಂದು ಚಪ್ಪಾಳೆ, ಸೀಟಿ. ಕಂಪ್ರೆಸರು ಶುರುವಾಯಿತೋ ಇಲ್ಲವೋ ಕೇಳಿಸುವಂತಿರಲಿಲ್ಲ. ರಾಯರು ಅಂಗೈಯನ್ನು ಎಸಿಯ ಬೆನ್ನ ಮೇಲಿಟ್ಟು ಅದುರುವುದನ್ನು ನೋಡಿಕೊಂಡರು. ಆಮೇಲೆ ಎದ್ದು ನಿಂತು, ಸ್ಪ್ಯಾನರ್ ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ ನಾಲ್ಕು ದಿಕ್ಕಿಗೂ ನಮಸ್ಕಾರ ಮಾಡಿದರು.