ಸೈಟು ಸುಟ್ಟುಹೋಗಲ್ಲ, ಅಳಿಯಂದ್ರೆ!

ತುಮಕೂರಿನ ಮಾವನವರು 32 ವರ್ಷ ಎಲ್‌ಐಸಿಯಲ್ಲಿ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದವರು. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿರುವ ಮಗಳ ಮನೆಗೆ ಬಂದ ಮೂರನೆಯ ದಿನ, ಫ್ರಿಜ್ಜಿನ ಮೇಲೆ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟಿನಡಿ ಸಿಕ್ಕಿಸಿದ್ದ ಕಾಗದವೊಂದು ಅವರ ಕಣ್ಣಿಗೆ ಬಿತ್ತು. ಮನೆ ಮತ್ತು ಎರಡು ಕಾರುಗಳ ಇನ್ಶೂರೆನ್ಸ್ ರಿನ್ಯೂವಲ್ ನೋಟಿಸು. ಕನ್ನಡಕ ಏರಿಸಿ ಓದಿದರು. ಡಾಲರನ್ನು ರೂಪಾಯಿಗೆ ಗುಣಿಸಿದರು. ಆಮೇಲೆ ಕಾಫಿ ಬೇಡವೆಂದರು.

"ಅಳಿಯಂದ್ರೆ, ಇದು ಯಾವಾಗ ಮೆಚ್ಯೂರ್ ಆಗುತ್ತೆ?"

"ಆಗಲ್ಲ ಮಾವ. ಕಟ್ತಾನೇ ಇರಬೇಕು."

"ಏನೂ ಆಗದಿದ್ರೆ ಎಷ್ಟು ವಾಪಸ್ ಬರುತ್ತೆ?"

"ಏನೂ ಬರಲ್ಲ."

"ಏನಾದ್ರೂ ಆದ್ರೆ?"

"ಸ್ವಲ್ಪ ಬರುತ್ತೆ. ಮುಂದಿನ ವರ್ಷ ಪ್ರೀಮಿಯಂ ಜಾಸ್ತಿ ಆಗುತ್ತೆ."

ಏಜೆಂಟರನ್ನು ಬೆನ್ನಿಗಿಟ್ಟುಕೊಂಡು ಜಿಲ್ಲೆಯ ಜಗಲಿಗಳನ್ನೆಲ್ಲ ಹತ್ತಿಳಿದ ಮನುಷ್ಯನಿಗೆ ಉತ್ತರ ಹೊಳೆಯದೆ ಹೋದದ್ದು ಅದೇ ಮೊದಲು.

ಅಳಿಯಂದಿರು ಸುಮ್ಮನೆ ಕೂತವರೇನಲ್ಲ. ಹಿಂದಿನ ಶನಿವಾರ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಸಪಾದಭಕ್ಷ್ಯದ ಜೊತೆಗೆ ಒಂದು ಸಲಹೆಯನ್ನೂ ಕಟ್ಟಿಸಿಕೊಂಡು ಬಂದಿದ್ದರು: ಕಾರಿನ ಲಯಬಿಲಿಟಿಯನ್ನು ಕಾನೂನಿನ ಕನಿಷ್ಠಕ್ಕೆ ಇಳಿಸಿಬಿಡುವುದು. ಟೆಕ್ಸಾಸ್‌ನ ಕನಿಷ್ಠ 30/60/25. ಅಂದರೆ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದ ಗಾಯಾಳುಗಳಿಗೆಲ್ಲ ಸೇರಿ 60,000, ಎದುರಿನವರ ಆಸ್ತಿಗೆ 25,000.

"ಎದುರಿನವನ ಕಾರೇ 50,000ದ್ದಾದ್ರೆ ಮಿಕ್ಕ 25 ಯಾರು ಕೊಡ್ತಾರೆ?" ಎಂದರು ಮಾವ.

ಅಳಿಯಂದಿರು ನಲ್ಲಿಯ ಕಡೆ ನೋಡಿದರು. ಸ್ವಂತ ಮನೆ, ಸಂಬಳ, ಉಳಿತಾಯ ಇರುವವರು ಕತ್ತರಿ ಹಾಕಬಾರದ ಜಾಗ ಅದೊಂದೇ. ಹೆಚ್ಚಿನವರು ಮೊದಲು ಕತ್ತರಿ ಹಾಕುವುದೂ ಅಲ್ಲಿಗೇ.

ಮಾರನೆಯ ದಿನ ಡೈನಿಂಗ್ ಟೇಬಲ್ಲಿನ ಮೇಲೆ ಪಾಲಿಸಿಯ ಅಷ್ಟೂ ಹಾಳೆಗಳು ಹರಡಿಕೊಂಡವು. ಮನೆಯ ಬೆಲೆ ಏಳು ಲಕ್ಷ ಡಾಲರ್ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ ಅಳಿಯಂದಿರು, ವಿಮೆಯನ್ನೂ ಅಷ್ಟಕ್ಕೇ ಮಾಡಿಸಿದ್ದರು. "ಇದರಲ್ಲಿ ಸೈಟಿಗೆಷ್ಟು? ಸೈಟು ಸುಟ್ಟುಹೋಗಲ್ಲ, ಅಳಿಯಂದ್ರೆ!" ಎಂದು ಮಾವ ಪೆನ್ಸಿಲ್ ಕೈಗೆತ್ತಿಕೊಂಡರು. ಮನೆ ವಿಮೆಯ ಮೊತ್ತ ಮಾರುಕಟ್ಟೆ ಬೆಲೆಯಲ್ಲ, ಅದೇ ಮನೆಯನ್ನು ಮತ್ತೆ ಕಟ್ಟಿಸುವ ಖರ್ಚು. ಸೈಟಿನ ಬೆಲೆಯನ್ನೇ ಆಸ್ತಿ ಎಂದು ತಿಳಿದ ಬೆಂಗಳೂರಿನ ಕಡೆಯವರಿಗೆ ಇದು ಅರಗುವುದು ತಡ.

ಆಲಿಕಲ್ಲಿನ ಅಧ್ಯಾಯ ಬಂತು. ತುಮಕೂರಿನಲ್ಲಿ ಆಲಿಕಲ್ಲು ಬಿದ್ದರೆ ಮಕ್ಕಳು ಪಾತ್ರೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ಉತ್ತರ ಟೆಕ್ಸಾಸ್‌ನಲ್ಲಿ ವಸಂತದ ಮಳೆಗೆ ದೊಡ್ಡವರೇ ದೇವರ ಮನೆಗೆ ಓಡುತ್ತಾರೆ. ಇಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಸಾಮಾನ್ಯವಾಗಿ ಇಂತಿಷ್ಟು ಡಾಲರ್ ಎಂದಿರದೆ ಶೇಕಡಾ ಲೆಕ್ಕದಲ್ಲಿರುತ್ತದೆ. ಐದು ಲಕ್ಷದ ವಿಮೆಗೆ ಶೇ. 2 ಎಂದರೆ ಮೊದಲ 10,000 ಡಾಲರ್ ಮನೆಯವರದೇ. ಈ ಶೇಕಡಾ ಹೆಚ್ಚಿದಷ್ಟೂ ಪ್ರೀಮಿಯಂ ಇಳಿಯುತ್ತದೆ. ಆದರೆ ಅಷ್ಟು ದುಡ್ಡು ಬ್ಯಾಂಕಿನಲ್ಲಿ ಕಾದಿರಬೇಕು. ಇನ್ನೊಂದು ದಾರಿ, ಚಾವಣಿ ಬದಲಿಸುವಾಗ 'ಕ್ಲಾಸ್ 4' ಶಿಂಗಲ್ ಹಾಕಿಸುವುದು. ಎರಡಿಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸಿದರೂ ಬಿರುಕು ಬಿಡದಿದ್ದರೆ ಅದಕ್ಕೆ ಆ ದರ್ಜೆ. ಅಂಥ ಚಾವಣಿಗೆ ಟೆಕ್ಸಾಸ್‌ನಲ್ಲಿ ರಿಯಾಯಿತಿ ಉಂಟು.

"ಅದಿರಲಿ, ಕಾರುಗಳು ಬಯಲಲ್ಲಿ ಯಾಕಿವೆ?" ಎಂದರು ಮಾವ.

ಎರಡು ಕಾರಿನ ಗ್ಯಾರೇಜಿನಲ್ಲಿ ಇದ್ದದ್ದು: ಸೋನಾ ಮಸೂರಿಯ ಮೂಟೆ ನಾಲ್ಕು, ಸೂಟ್‌ಕೇಸ್ ಹನ್ನೊಂದು, ಮೂಲೆ ಹಿಡಿದ ಟ್ರೆಡ್‌ಮಿಲ್ ಒಂದು, ಮತ್ತು ಗಣೇಶೋತ್ಸವದ ಥರ್ಮಾಕೋಲ್ ಮಂಟಪ. ಮೂವತ್ತು ಸಾವಿರದ ಕಾರು ಆಲಿಕಲ್ಲಿಗೆ ಬೆನ್ನೊಡ್ಡಿ ನಿಂತಿತ್ತು, ಮಂಟಪ ಬೆಚ್ಚಗೆ ಮಲಗಿತ್ತು.

ಬ್ರೇಕ್ ಲೆಕ್ಕ ಹಾಕುವ ಮೊಬೈಲ್ ಆ್ಯಪಿನಿಂದಲೂ ರಿಯಾಯಿತಿ ಸಿಗುತ್ತದೆಂದು ಅಳಿಯಂದಿರು ಆಗಲೇ ಹಾಕಿಸಿಕೊಂಡಿದ್ದರು. ದಿಢೀರ್ ಬ್ರೇಕು, ಅತಿವೇಗ, ನಡುರಾತ್ರಿಯ ಓಡಾಟ, ಎಲ್ಲವನ್ನೂ ಅದು ಬರೆದಿಡುತ್ತದೆ. ಹಿಂದಿನ ಸೀಟಿನಿಂದ ಅತ್ತೆಯವರು "ಅಯ್ಯೋ, ನಿಲ್ಲಿಸಿ, ಕೊತ್ತಂಬರಿ ಮರೆತೆ!" ಎಂದು ಕೂಗುವುದನ್ನು ಮಾತ್ರ ಬರೆದಿಡುವುದಿಲ್ಲ. ಅವರು ಬಂದಮೇಲೆ ಅಂಕ ದಿನೇ ದಿನೇ ಇಳಿಯುತ್ತಿತ್ತು.

ಹದಿನಾರರ ಮಗ ಪಾಲಿಸಿಗೆ ಸೇರಿದಾಗಿಂದ ಪ್ರೀಮಿಯಂ ಜಿಗಿದಿದೆ. ಇದಕ್ಕೂ ಮದ್ದಿದೆ: ಸರಾಸರಿ 'ಬಿ' ಗ್ರೇಡ್ ಇದ್ದರೆ ಎಷ್ಟೋ ಕಂಪನಿಗಳು ಒಳ್ಳೆಯ ವಿದ್ಯಾರ್ಥಿಯೆಂದು ರಿಯಾಯಿತಿ ಕೊಡುತ್ತವೆ. ಈ ಮನೆಯಲ್ಲಿ 'ಬಿ' ಬಂದರೆ ಊಟ ಇಳಿಯುವುದಿಲ್ಲ. ಹುಡುಗನ 'ಎ'ಗಳಿರುವ ಮಾರ್ಕ್ಸ್ ಕಾರ್ಡು ತುಮಕೂರು, ಶಿವಮೊಗ್ಗ, ಸಿಡ್ನಿಯ ನೆಂಟರಿಗೆಲ್ಲ ತಲುಪಿತ್ತು. ಇನ್ಶೂರೆನ್ಸ್ ಕಂಪನಿಯೊಂದಕ್ಕೇ ತಲುಪಿರಲಿಲ್ಲ.

ಅತ್ತೆಯವರದು ಒಂದೇ ಪ್ರಶ್ನೆ: "ಒಡವೆಗೆ ಎಷ್ಟು?" ಸಾಮಾನ್ಯ ಮನೆ ಪಾಲಿಸಿಯಲ್ಲಿ ಕಳುವಾದ ಒಡವೆಗೆ ಎಷ್ಟೋ ಕಡೆ ಒಟ್ಟು 1,500 ಡಾಲರ್ ಮಿತಿ. "ನನ್ನ ಮಗಳ ಒಂದು ಜೊತೆ ಬಳೆಗೂ ಸಾಲದಲ್ಲ!" ಎಂದರು. ಅವಲಕ್ಕಿ ಸರಕ್ಕೆ ಬೇರೆಯಾಗಿ ರೈಡರ್ ಬರೆಸಬೇಕಾಯಿತು. ಪ್ರೀಮಿಯಂ ಏರಿದ್ದು ಅಲ್ಲೊಂದು ಕಡೆ, ಮನೆಯಲ್ಲಿ ಯಾರೂ ತಕರಾರೆತ್ತದೆ.

ಕೊನೆಗೆ ಮಾವನವರ ಒತ್ತಾಯಕ್ಕೆ ಮೂರು ಕಡೆ ಕೊಟೇಶನ್ ತರಿಸಲಾಯಿತು. ದೀಪಾವಳಿಗೆ ತಪ್ಪದೆ ಶುಭಾಶಯ ಕಳಿಸುತ್ತಾನೆಂಬ ದಾಕ್ಷಿಣ್ಯಕ್ಕೆ ಅಳಿಯಂದಿರು ಒಂಬತ್ತು ವರ್ಷ ಒಬ್ಬನೇ ಏಜೆಂಟನಲ್ಲಿದ್ದರು. ಮನೆ, ಕಾರು ಒಂದೇ ಕಂಪನಿಯಲ್ಲಿ ಸೇರಿಸಿದರೆ ಎಷ್ಟು, ಬಿಡಿಬಿಡಿಯಾಗಿ ಎಷ್ಟು ಎಂದು ಎರಡನ್ನೂ ಕೇಳಿದರು. ಕಾರಿನ ಡಿಡಕ್ಟಿಬಲ್ 500ರಿಂದ 1,000ಕ್ಕೆ ಏರಿತು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸವೆಂದು ತಿಳಿಸಿ ವರ್ಷದ ಮೈಲಿ ಲೆಕ್ಕ ತಿದ್ದಿಸಿದರು. ತಿಂಗಳ ಕಂತು ಬಿಟ್ಟು ಆರು ತಿಂಗಳದ್ದು ಒಮ್ಮೆಗೇ ಕಟ್ಟಿದರೆ ರಿಯಾಯಿತಿ ಎಂದಾಗ ಮಾವನವರ ಮುಖ ಅರಳಿತು. "ನಮ್ಮಲ್ಲೂ ವಾರ್ಷಿಕ ಕಂತಿಗೆ ರಿಬೇಟ್ ಇತ್ತು" ಎಂದು ಕಾಫಿ ಕೇಳಿ ಕುಡಿದರು.

ರಿನ್ಯೂವಲ್ ಹತ್ತಿರವಿರುವವರು ಇದಿಷ್ಟನ್ನೂ ಮೂರು ವಾರ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಹಿಂದಿನ ದಿನ ಕೂತರೆ ಹಳೆಯ ಬಿಲ್ಲೇ ಗತಿ. ಫ್ರಿಸ್ಕೋದ ಆ ಗ್ಯಾರೇಜಿನಲ್ಲಿ ಈಗ ಎರಡೂ ಕಾರುಗಳಿವೆ. ಮಂಟಪ ಮಾತ್ರ ಮಾವನವರು ಮಲಗುವ ಕೋಣೆಯಲ್ಲಿದೆ.